ಕನಿಷ್ಠ ಹನ್ನೆರಡು ಕಂಠ: ಆರ್ಗನಿಸ್ಟ್ ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿಯ ಬದುಕು, ಬರವಣಿಗೆ

(ಉಪನ್ಯಾಸದ ಬರಹ ರೂಪ)

ಮೈಸೂರಿನ ಹಳಬರಿಗೆ ವೆಸ್ಲಿ ಎಂಬ ಹೆಸರು ಹೊಸದಲ್ಲ. ವೆಸ್ಲಿಯನ್ ಮಿಷನ್ನಿನ ಶಾಲೆಗಳು, ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿದ ವೆಸ್ಲಿ ಪ್ರೆಸ್ಸು, ಎಲ್ಲವೂ ಆ ಹೆಸರನ್ನೇ ಹೊತ್ತವು. ಹೆಸರಿನ ಮೂಲಪುರುಷ ಜಾನ್ ವೆಸ್ಲಿ, ಮೆಥಡಿಸ್ಟ್ ಪಂಥ ಕಟ್ಟಿದವನು. ಅವನ ತಮ್ಮ ಚಾರ್ಲ್ಸ್ ಸಾವಿರಾರು ಭಕ್ತಿಗೀತೆಗಳನ್ನು ಬರೆದವನು. ಇವತ್ತಿನ ಮಾತು ಆ ಚಾರ್ಲ್ಸನ ಮೊಮ್ಮಗನ ಬಗ್ಗೆ. ತಮಾಷೆಯೆಂದರೆ, ಮೆಥಡಿಸ್ಟರ ಮನೆತನದಲ್ಲಿ ಹುಟ್ಟಿದ ಈ ಮನುಷ್ಯ ಜೀವಮಾನವಿಡೀ ದುಡಿದದ್ದು ಇಂಗ್ಲೆಂಡಿನ ಅಧಿಕೃತ ಪಂಥವಾದ ಆಂಗ್ಲಿಕನ್ ಚರ್ಚುಗಳಲ್ಲಿ. ಜೀವಮಾನವಿಡೀ ಜಗಳವಾಡಿದ್ದೂ ಅವರ ಜೊತೆಗೇ.

ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿ ಹುಟ್ಟಿದ್ದು 1810ರ ಆಗಸ್ಟ್ 14ರಂದು, ಲಂಡನ್ನಿನಲ್ಲಿ. ಅಪ್ಪ ಸ್ಯಾಮ್ಯುಯೆಲ್ ವೆಸ್ಲಿ ಆ ಕಾಲದ ದೊಡ್ಡ ಆರ್ಗನ್ ವಾದಕ. ಆರ್ಗನ್ ಎಂದರೆ ಕೊಳವೆಗಳಿಗೆ ಗಾಳಿ ಊದಿಸಿ, ಕೈಮಣೆ ಮತ್ತು ಕಾಲ್ಮಣೆಗಳಿಂದ ನುಡಿಸುವ ಚರ್ಚಿನ ದೊಡ್ಡ ವಾದ್ಯ. ಇಂಗ್ಲೆಂಡಿಗೆ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಸಂಗೀತದ ಹುಚ್ಚು ಹಿಡಿಸಿದವರಲ್ಲಿ ಮೊದಲಿಗ. ಮಗನಿಗೆ ಸೆಬಾಸ್ಟಿಯನ್ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ತಾಯಿ ಸಾರಾ ಸೂಟರ್ ಆ ಮನೆಯಲ್ಲಿ ಕೆಲಸಕ್ಕಿದ್ದವಳು. ಸ್ಯಾಮ್ಯುಯೆಲ್ ಹೆಂಡತಿಯನ್ನು ಬಿಟ್ಟು ಇವಳ ಜೊತೆ ಸಂಸಾರ ಹೂಡಿದ್ದ, ಮದುವೆಯಾಗಿರಲಿಲ್ಲ. ಧರ್ಮಪ್ರಚಾರಕರ ಮನೆತನ, ಮದುವೆಯಾಗದ ತಂದೆತಾಯಿ: ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಎಳೆಯ ವಯಸ್ಸಿನಲ್ಲೇ ಹುಡುಗ ಚಾಪೆಲ್ ರಾಯಲ್, ಅಂದರೆ ರಾಜಮನೆತನದ ಪ್ರಾರ್ಥನಾವೃಂದ ಸೇರಿದ. ಗುರು ವಿಲಿಯಂ ಹಾಸ್. ದನಿ ಒಡೆದ ಮೇಲೆ ಲಂಡನ್ನಿನ ಸಣ್ಣಪುಟ್ಟ ಚರ್ಚುಗಳಲ್ಲಿ ಆರ್ಗನ್ ನುಡಿಸಿದ. ಜೊತೆಗೆ ನಾಟಕಶಾಲೆಯ ಸಂಗೀತದಲ್ಲೂ ಕೈಯಾಡಿಸಿದ. ಆ ರಂಗಭೂಮಿಯ ಅಭ್ಯಾಸವನ್ನು ಮರೆಯಬಾರದು. ಮುಂದೆ ಅವನ ಆಂಥೆಮ್‌ಗಳಲ್ಲಿ ಒಂಟಿ ದನಿ ಮಾತಿನಂತೆ ಹಾಡುತ್ತ ಬಂದು ಇದ್ದಕ್ಕಿದ್ದಂತೆ ಇಡೀ ಮೇಳ ಸಿಡಿಯುತ್ತದಲ್ಲ, ಅದು ಚರ್ಚಿನಲ್ಲಿ ಕಲಿತದ್ದಲ್ಲ. ಆಂಥೆಮ್ ಎಂದರೆ ಪೂಜಾವಿಧಿಯ ನಡುವೆ ಗಾಯಕವೃಂದ ಹಾಡುವ, ಬೈಬಲ್ಲಿನ ವಾಕ್ಯಗಳ ಮೇಲೆ ಕಟ್ಟಿದ ರಚನೆ. ಸಭೆ ಹಾಡುವುದಿಲ್ಲ, ಕೇಳುತ್ತದೆ.

ವೆಸ್ಲಿಯ ಸಂಗೀತ ಏಕೆ ಹೀಗಿದೆ ಎಂದು ತಿಳಿಯಬೇಕಾದರೆ ಸ್ವರಲಿಪಿಗಿಂತ ಮೊದಲು ಹಾಜರಿ ಪುಸ್ತಕ ನೋಡಬೇಕು, ಸಂಬಳದ ಲೆಕ್ಕ ನೋಡಬೇಕು, ಆರ್ಗನ್ನಿನ ಶ್ರುತಿ ನೋಡಬೇಕು. ಅವನ ಬಹುತೇಕ ಒಳ್ಳೆಯ ರಚನೆಗಳು ಆ ಮೂರರ ಜೊತೆ ಗುದ್ದಾಡಿ ಹುಟ್ಟಿದವು.

ಮೊದಲು ಕೆಲಸ ಏನೆಂದು ನೋಡೋಣ. ಇಂಗ್ಲೆಂಡಿನ ಕೆಥೆಡ್ರಲ್‌ನಲ್ಲಿ, ಅಂದರೆ ಬಿಷಪ್ಪನ ಪೀಠವಿರುವ ಪ್ರಧಾನ ಚರ್ಚಿನಲ್ಲಿ, ಆಗ ದಿನಕ್ಕೆ ಎರಡು ಹೊತ್ತು ಹಾಡಿನ ಪ್ರಾರ್ಥನೆ: ಬೆಳಗಿನದು ಮ್ಯಾಟಿನ್ಸ್, ಸಂಜೆಯದು ಈವನ್‌ಸಾಂಗ್. ಬೈಬಲ್ಲಿನ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ, ಎರಡು ಹೊತ್ತಿಗೆ, ಹಂಚಿಟ್ಟಿದ್ದಾರೆ. ಅಂದರೆ ಅರವತ್ತು ಕಂತುಗಳಲ್ಲಿ ಎಲ್ಲ ಮುಗಿದು, ಮರುತಿಂಗಳು ಮತ್ತೆ ಮೊದಲಿನಿಂದ. ಕಂತುಗಳೇನೂ ಸಮನಾಗಿಲ್ಲ. ಹದಿನೈದನೇ ತಾರೀಖಿನ ಸಂಜೆ ಬರುವ 78ನೇ ಕೀರ್ತನೆಯೊಂದಕ್ಕೇ 73 ಚರಣ. ಇವನ್ನು ಹಾಡುವುದು ಆಂಗ್ಲಿಕನ್ ಚಾಂಟ್ ಎಂಬ ಚಿಕ್ಕ ಧಾಟಿಗಳಲ್ಲಿ. ಒಂದು ಚಾಂಟ್‌ಗೆ ಹತ್ತೇ ಸ್ವರಮೇಳ (ಒಟ್ಟಿಗೆ ಮೊಳಗುವ ಸ್ವರಗಳ ಗುಚ್ಛ), ಏಳು ಮಾತ್ರಾಗಣ. ಮೊದಲ ಅರ್ಧಕ್ಕೆ ಮೂರು, ಎರಡನೆಯದಕ್ಕೆ ನಾಲ್ಕು. ಜೋಡಿ ಚಾಂಟ್ ಆದರೆ ಇದರ ಎರಡರಷ್ಟು. ಪ್ರತಿ ಅರ್ಧದ ಮೊದಲ ಸ್ವರಮೇಳದ ಮೇಲೆ ಎಷ್ಟು ಪದವಿದ್ದರೂ ಹೇಳಿಕೊಂಡು ಹೋಗಬೇಕು. ಚರಣ ಉದ್ದವಾದರೆ ಅಲ್ಲೇ ನಿಲುಗಡೆ, ಗಿಡ್ಡವಾದರೆ ತಟ್ಟನೆ ದಾಟು. ಕೆಡುವುದೂ ಅಲ್ಲೇ. ಹಾಡುವವರು ಹೇಳುವ ಭಾಗವನ್ನು ಓಡಿಸಿ, ಸ್ವರ ಬದಲಾಗುವ ಭಾಗವನ್ನು ಎಳೆಯುತ್ತಾರೆ. ಪದಗಳ ಅರ್ಥ ಮಣ್ಣುಪಾಲು.

ವೃಂದ ಎರಡು ಸಾಲಾಗಿ ಎದುರುಬದುರು ನಿಲ್ಲುತ್ತದೆ. ಕೆಥೆಡ್ರಲ್ಲಿನ ಮುಖ್ಯ ಪಾದ್ರಿಯಾದ ಡೀನ್ ಕೂರುವ ಕಡೆಯದು ಡೆಕಾನೈ, ಎದುರಿನದು ಕ್ಯಾಂಟೋರಿಸ್. ಮೇಲಿನ ದನಿ ಟ್ರೆಬಲ್, ಅದಕ್ಕೆ ಆಗ ಹುಡುಗರು. ಕೆಳಗಿನ ಆಲ್ಟೊ, ಟೆನರ್, ಬಾಸ್ ಮೂರಕ್ಕೂ ಗಂಡಸರು. ಎರಡು ಸಾಲಿಗೆ ಮೂರು ಮೂರು ದನಿ, ಒಟ್ಟು ಆರು ಜಾಗ. ಜಾಗಕ್ಕೊಬ್ಬನಂತೆ ಆರೇ ಜನ ಇಟ್ಟರೆ ಏನಾಗುತ್ತದೆ? ಒಬ್ಬ ಉಸಿರು ತೆಗೆದುಕೊಂಡಾಗ ಆ ದನಿಯೇ ಇಲ್ಲ. ಒಬ್ಬನಿಗೆ ನೆಗಡಿಯಾದರೆ ಆ ಸಾಲಿನ ಸ್ವರಮೇಳಕ್ಕೆ ತೂತು. ಜಾಗಕ್ಕೆ ಇಬ್ಬರಿದ್ದರೆ ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ಹಿಡಿದಿರುತ್ತಾನೆ. ಆರು ಜಾಗಕ್ಕೆ ಇಬ್ಬಿಬ್ಬರು, ಹನ್ನೆರಡು. ವೆಸ್ಲಿ ಜೀವನಪೂರ್ತಿ ಹಟ ಹಿಡಿದ ಸಂಖ್ಯೆ ಇದು. ಅವನಿಗೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ.

1832ರಲ್ಲಿ, ಇಪ್ಪತ್ತೆರಡರ ವಯಸ್ಸಿಗೆ, ಹೆರೆಫರ್ಡ್ ಕೆಥೆಡ್ರಲ್‌ನ ಆರ್ಗನಿಸ್ಟ್ ಆದ. ವೇಲ್ಸ್ ಗಡಿಯ ಸಣ್ಣ ಊರು. ಅಲ್ಲಿನ ಆರ್ಗನ್ನನ್ನು ಜೆ. ಸಿ. ಬಿಷಪ್ ಎಂಬ ತಯಾರಕ ಅದೇ ವರ್ಷ ದುರಸ್ತಿ ಮಾಡಿದ್ದ. ನವೆಂಬರ್ 6ರಂದು ಅದರ ಪುನರಾರಂಭಕ್ಕೆ ವೆಸ್ಲಿ ಬರೆದದ್ದು 'ದ ವಿಲ್ಡರ್‌ನೆಸ್'. ಯೆಶಾಯನ ಪುಸ್ತಕದ 35ನೇ ಅಧ್ಯಾಯ, ಮರುಭೂಮಿ ಹೂ ಬಿಡುವ ವರ್ಣನೆ. ಅದರಲ್ಲಿ ಒಂದು ಬಾಸ್ ಏಕದನಿ ಇದೆ. ಹಾಡುಗಾರನ ಕೆಳಗೆ ಆರ್ಗನಿಸ್ಟನ ಕಾಲುಗಳು ಪೆಡಲುಗಳ ಮೇಲೆ ಬಿಡುವಿಲ್ಲದೆ ನಡೆಯುತ್ತಲೇ ಇರುತ್ತವೆ. ಜರ್ಮನಿಯಲ್ಲಿ ಇದು ಮಾಮೂಲಿ. ಇಂಗ್ಲೆಂಡಿನಲ್ಲಿ ಪೆಡಲುಗಳೇ ಅಪರೂಪವಾಗಿದ್ದ ಕಾಲ. ಇದ್ದ ಕಡೆಯೂ ಒಂದು ಮಂದ್ರಸ್ವರವನ್ನು ಒತ್ತಿ ಹಿಡಿಯುವುದಕ್ಕಷ್ಟೇ ಬಳಕೆ. ಕಾಲಿಗೆ ಸ್ವತಂತ್ರ ಮಾತು ಕೊಟ್ಟದ್ದು ಬಾಖ್‌ನನ್ನು ಓದಿ ಬೆಳೆದ ಮನೆಯ ಹುಡುಗ.

ಇದೇ ರಚನೆಯನ್ನು ಮರುವರ್ಷ ಗ್ರೆಷಮ್ ಬಹುಮಾನದ ಸ್ಪರ್ಧೆಗೆ ಕಳಿಸಿದ. ಬಹುಮಾನ ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರಾದ ಆರ್. ಜೆ. ಎಸ್. ಸ್ಟೀವನ್ಸ್ ಅದರ ಮೇಲೆ ಬರೆದ ಷರಾ ಪ್ರಸಿದ್ಧ: ಜಾಣತನದ ಕೆಲಸ, ಆದರೆ ಕೆಥೆಡ್ರಲ್ ಸಂಗೀತವಲ್ಲ. ಅವರ ಕಿವಿಗೆ ಕೆಥೆಡ್ರಲ್ ಸಂಗೀತವೆಂದರೆ ಇನ್ನೂರು ವರ್ಷ ಹಳೆಯ, ವಾದ್ಯ ದನಿಯ ಹಿಂದೆ ಅಡಗಿ ನಡೆಯುವ ಶೈಲಿ. ಷರಾ ತಪ್ಪೆಂದು ಹೇಳುವಂತಿಲ್ಲ. ಆ ಶೈಲಿ ಇದಲ್ಲವೇ ಅಲ್ಲ.

ಹೆರೆಫರ್ಡಿನ ಇನ್ನೊಂದು ರಚನೆಯನ್ನು ಬಿಚ್ಚಿ ನೋಡಬೇಕು, ಏಕೆಂದರೆ ನಮ್ಮ ಹಾಜರಿ ಪುಸ್ತಕದ ಮಾತಿಗೆ ಅದೇ ಸಾಕ್ಷಿ. 'ಬ್ಲೆಸೆಡ್ ಬಿ ದ ಗಾಡ್ ಆ್ಯಂಡ್ ಫಾದರ್', ಪೇತ್ರನ ಮೊದಲ ಪತ್ರದ ಮಾತುಗಳು, ಈಸ್ಟರ್ ಹಬ್ಬಕ್ಕೆ ಬರೆದದ್ದು. ಹೆರೆಫರ್ಡಿನಲ್ಲಿ ಆಗ ವೃಂದದ ಗಂಡಸರು ಬೇರೆ ಕಡೆಯಂತೆ ಸಂಬಳದ ಗೃಹಸ್ಥರಲ್ಲ. ದೀಕ್ಷೆ ಪಡೆದ ಪಾದ್ರಿಗಳು. ಪ್ರತಿಯೊಬ್ಬರಿಗೂ ಸುತ್ತಲ ಹಳ್ಳಿಗಳಲ್ಲಿ ಸ್ವಂತ ಚರ್ಚಿನ ಹೊಣೆ. ಈಸ್ಟರ್ ಎಂದರೆ ವರ್ಷದ ದೊಡ್ಡ ಹಬ್ಬ, ಎಲ್ಲರೂ ತಮ್ಮ ತಮ್ಮ ಹಳ್ಳಿಗೆ ಹೊರಟರು. ಹೀಗಾಗಿ ಕೆಥೆಡ್ರಲ್‌ನಲ್ಲಿ ಹಬ್ಬದ ದಿನವೇ ಹಾಡುವ ಗಂಡಸರಿಲ್ಲ! ಉಳಿದದ್ದು ಹುಡುಗರು ಮತ್ತು ಒಬ್ಬನೇ ಬಾಸ್. ಇದು ಕಟ್ಟುಕತೆಯಲ್ಲ, ಅಚ್ಚಾದ ಪ್ರತಿಯಲ್ಲಿ ವೆಸ್ಲಿ ತಾನೇ ಹೇಳಿಕೊಂಡಿದ್ದಾನೆ. ಆ ಒಬ್ಬ ಬಾಸ್ ಡೀನ್ ಸಾಹೇಬರ ಮನೆಯ ಬಟ್ಲರ್ ಎಂಬುದು ಮಾತ್ರ ಬಾಯಿಂದ ಬಾಯಿಗೆ ಬಂದ ಕತೆ.

ಈಗ ರಚನೆಯನ್ನು ನೋಡಿ. ಮೊದಲ ಭಾಗ ಇಡೀ ಮೇಳಕ್ಕೆ, ಮೆಲ್ಲಗೆ, ಸ್ವರಮೇಳಗಳ ಮೇಲೆ ನಿಂತು. ಇಲ್ಲಿ ದನಿಗಳು ಕಡಿಮೆಯಾದರೆ ಆರ್ಗನ್ ತುಂಬಿಕೊಡಬಲ್ಲದು. ಎರಡನೆಯ ಭಾಗ ಗಂಡು ದನಿಯದು, ಎಲ್ಲರೂ ಒಂದೇ ಸ್ವರದಲ್ಲಿ, ಮಾತಿನಂತೆ. ಒಂದೇ ಸ್ವರದಲ್ಲಿ ಅಂದಮೇಲೆ ಹತ್ತು ಜನ ಹಾಡಿದರೂ ಸರಿ, ಒಬ್ಬನೇ ಹಾಡಿದರೂ ಸರಿ. ಮೂರನೆಯದು ಹುಡುಗನೊಬ್ಬನ ಏಕದನಿ, ಶುದ್ಧ ಹೃದಯದಿಂದ ಒಬ್ಬರನ್ನೊಬ್ಬರು ಪ್ರೀತಿಸಿ ಎಂಬ ಮಾತು. ಉಳಿದ ಹುಡುಗರು ಅದಕ್ಕೆ ಉತ್ತರ ಕೊಡುತ್ತಾರೆ. ಆಮೇಲೆ ಮತ್ತೆ ಗಂಡು ದನಿ, ಮನುಷ್ಯರೆಲ್ಲ ಹುಲ್ಲಿನಂತೆ, ಅವರ ವೈಭವ ಹುಲ್ಲಿನ ಹೂವಿನಂತೆ, ಹುಲ್ಲು ಒಣಗಿತು ಹೂವು ಉದುರಿತು ಎಂದು. ಬಳಿಕ ಕೊನೆಯ ಮೇಳ. ಎಲ್ಲೆಲ್ಲಿ ಒಳದನಿಗಳು ಬೇಕೋ ಅಲ್ಲೆಲ್ಲ ಆರ್ಗನ್ ಇದೆ, ಎಲ್ಲಿ ದನಿ ಒಂಟಿಯಾಗಿದೆಯೋ ಅಲ್ಲಿ ಒಂಟಿಯಾಗಿರುವುದೇ ಚೆನ್ನ. ಇಲ್ಲದ್ದನ್ನು ಮುಚ್ಚಿಹಾಕಲು ಹೋಗದೆ ಇದ್ದುದನ್ನೇ ಮುಂದಕ್ಕೆ ತಂದು ನಿಲ್ಲಿಸಿದ್ದಾನೆ. ಏಳೆಂಟು ನಿಮಿಷದ ಈ ರಚನೆ ಇವತ್ತಿಗೂ ಇಂಗ್ಲೆಂಡಿನ ಬಹುತೇಕ ಎಲ್ಲ ಚರ್ಚ್ ವೃಂದಗಳ ಪಟ್ಟಿಯಲ್ಲಿದೆ.

1835ರಲ್ಲಿ ಡೀನ್ ಜಾನ್ ಮೆರೆವೆದರ್ ಅವರ ತಂಗಿ ಮೇರಿ ಆ್ಯನ್‌ಳನ್ನು ಮದುವೆಯಾದ. ಅದೇ ವರ್ಷ ಎಕ್ಸೆಟರ್‌ಗೆ ಹೊರಟ. ಅಲ್ಲಿ ಏಳು ವರ್ಷ. 1839ರಲ್ಲಿ ಆಕ್ಸ್‌ಫರ್ಡ್‌ನಿಂದ ಸಂಗೀತದ ಡಾಕ್ಟರೇಟ್. ಎಕ್ಸೆಟರ್‌ನಲ್ಲೇ ಬರೆದದ್ದು 'ವಾಶ್ ಮಿ ಥ್ರೂಲಿ', 51ನೇ ಕೀರ್ತನೆಯ ಪಶ್ಚಾತ್ತಾಪದ ಮಾತುಗಳು. ನಾಲ್ಕೈದು ನಿಮಿಷದೊಳಗೆ ಮುಗಿಯುತ್ತದೆ. ಒಂದೂ ಸ್ವರ ಹೆಚ್ಚಿಲ್ಲ. ಹತ್ತಿರದ ಕಿಲರ್ಟನ್ ಬಂಗಲೆಯಲ್ಲಿ ಅಕ್ಲಂಡ್ ಮನೆತನದವರ ಆರ್ಗನ್ ಇತ್ತು. ಅದಕ್ಕೆಂದು ಬರೆದ ವಾದ್ಯರಚನೆಗಳಲ್ಲಿ 'ಕೋರಲ್ ಸಾಂಗ್' ಇವತ್ತಿಗೂ ಮದುವೆಗಳಲ್ಲಿ ಕೇಳುತ್ತದೆ. ಆದರೆ ಚಾಪ್ಟರ್ ಎಂಬ ಪಾದ್ರಿಗಳ ಆಡಳಿತ ಮಂಡಳಿಯ ಜೊತೆ ಕಲಹ ಶುರುವಾದದ್ದೂ ಎಕ್ಸೆಟರ್‌ನಲ್ಲೇ. ವೃಂದದ ಹುಡುಗರು ತನ್ನ ಅಪ್ಪಣೆಯಿಲ್ಲದೆ ಹೊರಗಿನ ಗ್ಲೀ ಕ್ಲಬ್ಬಿನಲ್ಲಿ (ಲೌಕಿಕ ಮೇಳಗೀತೆ ಹಾಡುವ ಕೂಟ) ಹಾಡಿದರೆಂದು ಅವರ ಮೇಲೆ ಕೈಮಾಡಿದ. ವಿಷಯ ಮಂಡಳಿಯ ಮುಂದೆ ಹೋಯಿತು. ವೆಸ್ಲಿಯನ್ನು ಪೀಡಿತ ಪ್ರತಿಭೆಯೆಂದು ಬಣ್ಣಿಸುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ, ಹಾರಿಸಬಾರದು. ಮಂಡಳಿ ಜಿಪುಣತನ ತೋರಿದ್ದು ನಿಜ, ಇವನ ಕೋಪ ಕೈಮೀರುತ್ತಿದ್ದದ್ದೂ ನಿಜ.

1842ರಲ್ಲಿ ಲೀಡ್ಸ್. ಅದು ಕೆಥೆಡ್ರಲ್ ಅಲ್ಲ, ಊರಿನ ದೊಡ್ಡ ಚರ್ಚು. ಅಲ್ಲಿನ ವಿಕಾರ್, ಅಂದರೆ ಪಾದ್ರಿ, ಆಗಿದ್ದ ವಾಲ್ಟರ್ ಫಾರ್ಕ್‌ಹರ್ ಹುಕ್ ಹೊಸ ಕಟ್ಟಡ ಕಟ್ಟಿಸಿ, ಕೆಥೆಡ್ರಲ್‌ಗಳ ಹಾಗೆ ದಿನವೂ ಹಾಡಿನ ಪ್ರಾರ್ಥನೆ ನಡೆಸುತ್ತಿದ್ದರು. ವೆಸ್ಲಿಗೆ ವರ್ಷಕ್ಕೆ 200 ಪೌಂಡ್, ಹತ್ತು ವರ್ಷದ ಖಾತರಿ. ಗಿರಣಿ ಊರಿನ ಚಂದಾ ಹಣದಲ್ಲಿ ನಡೆದ ವೃಂದವು ಶತಮಾನಗಳ ಜಮೀನು-ಆಸ್ತಿಯಿದ್ದ ಕೆಥೆಡ್ರಲ್‌ಗಳಿಗಿಂತ ಮೇಲಾಗಿತ್ತು. ಇಲ್ಲಿ ಬರೆದು 1845ರಲ್ಲಿ ಅಚ್ಚು ಹಾಕಿಸಿದ 'ಸರ್ವಿಸ್ ಇನ್ ಇ', ಅಂದರೆ ಪ್ರಾರ್ಥನಾವಿಧಿಯ ಮಾಮೂಲಿ ಭಾಗಗಳಿಗೆ ಇ ಶ್ರುತಿಯಲ್ಲಿ ಕಟ್ಟಿದ ಸಂಗೀತ, ಅವನ ದೊಡ್ಡ ಕೃತಿಗಳಲ್ಲೊಂದು. ಅದರ ಮುನ್ನುಡಿಯಲ್ಲೇ ಕೆಥೆಡ್ರಲ್‌ಗಳ ಮೇಲೆ ಯುದ್ಧ ಸಾರಿದ.

1847ರ ಕೊನೆಯಲ್ಲಿ ಯಾರ್ಕ್‌ಶೈರಿನ ಹೆಲ್ಮ್ಸ್‌ಲಿ ಬಳಿ ಮೀನು ಹಿಡಿಯಲು ಹೋಗಿ ಬಿದ್ದು ಕಾಲು ಮುರಿದುಕೊಂಡ. ಗಾಳ ಹಾಕುವುದು ಇವನಿಗೆ ಆರ್ಗನ್ನಿನಷ್ಟೇ ದೊಡ್ಡ ಗೀಳು. ಮುಂದೆ ಎಷ್ಟೋ ದಿನ ಶಿಷ್ಯರು ಆರ್ಗನ್ ನುಡಿಸುತ್ತಿದ್ದರೆ ಗುರುಗಳು ನದೀತೀರದಲ್ಲಿರುತ್ತಿದ್ದರು. ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಬರೆದದ್ದು 'ಕಾಸ್ಟ್ ಮಿ ನಾಟ್ ಅವೇ'. ಆಯ್ದ ಮಾತು ಮತ್ತೆ 51ನೇ ಕೀರ್ತನೆಯದು: ನೀನು ಮುರಿದ ಎಲುಬುಗಳು ಹಿಗ್ಗಲಿ. ಎಲುಬು ಎಂಬ ಪದ ಬಂದಲ್ಲಿ ಆರು ದನಿಗಳು ಒಂದಕ್ಕೊಂದು ಉಜ್ಜಿ ನರಳುತ್ತವೆ.

ಅದೇ ಕಾಲದಲ್ಲಿ ಬರೆದದ್ದು 1849ರ ಕಿರುಹೊತ್ತಿಗೆ, 'ಎ ಫ್ಯೂ ವರ್ಡ್ಸ್ ಆನ್ ಕೆಥೆಡ್ರಲ್ ಮ್ಯೂಸಿಕ್'. ಹಿನ್ನೆಲೆ ಹೀಗಿದೆ. 1840ರ ಕಾನೂನು ಕೆಥೆಡ್ರಲ್‌ಗಳ ಹೆಚ್ಚುವರಿ ಪಾದ್ರಿ ಹುದ್ದೆಗಳನ್ನು ಕಡಿತಗೊಳಿಸಿ ಆ ಆದಾಯವನ್ನು ಹೊಸ ಊರುಗಳ ಚರ್ಚುಗಳಿಗೆ ತಿರುಗಿಸಿತ್ತು. ಉದ್ದೇಶ ಕೆಟ್ಟದ್ದಲ್ಲ, ಆದರೆ ಸಂಗೀತಕ್ಕೆಂದು ಯಾರೂ ಬಿಡಿಗಾಸು ತೆಗೆದಿಡಲಿಲ್ಲ. ವೆಸ್ಲಿಯ ಬೇಡಿಕೆಗಳು ಲೆಕ್ಕದ ಭಾಷೆಯಲ್ಲೇ ಇವೆ. ದಿನವೂ ಹಾಜರಿರುವ ಗಂಡು ಗಾಯಕರು ಹನ್ನೆರಡಕ್ಕೆ ಕಡಿಮೆ ಇರಕೂಡದು. ಕಾಯಿಲೆ ಕಸಾಲೆಗೆಂದು ಇನ್ನೂ ಮೂವರು ಬದಲಿಗಳು. ಹನ್ನೆರಡು ಜನಕ್ಕೆ ತಲಾ 85 ಪೌಂಡ್ ವಾರ್ಷಿಕ ಸಂಬಳ, ಬದಲಿಗಳಿಗೆ 52. ಅಂಗಡಿ ಮುಂಗಟ್ಟು ನಡೆಸಕೂಡದೆಂದು ಷರತ್ತು ಹಾಕುವುದಾದರೆ 100ರಿಂದ 150. ಆರ್ಗನಿಸ್ಟನಿಗೆ 500ರಿಂದ 800. ಗಾಯಕರನ್ನೂ ಆರ್ಗನಿಸ್ಟರನ್ನೂ ತರಬೇತು ಮಾಡಲು ಒಂದು ಸಂಗೀತ ಕಾಲೇಜು.

ಅಂಗಡಿಯ ಮಾತೇಕೆ ಬಂತು? ಆಗ ಲೇ ಕ್ಲರ್ಕ್ ಎನ್ನುವ ಗಂಡು ಗಾಯಕರ ಸಂಬಳ ಹೊಟ್ಟೆಗೆ ಸಾಲದು, ಹಾಗಾಗಿ ಎಲ್ಲರಿಗೂ ಊರಲ್ಲಿ ಇನ್ನೊಂದು ದಂಧೆ. ಅಭ್ಯಾಸಕ್ಕೆ ಕರೆದರೆ ಗಿರಾಕಿ ಇದ್ದಾರೆ ಎನ್ನುತ್ತಾರೆ. ಹುದ್ದೆ ಜೀವಾವಧಿಯದು, ದನಿ ಹೋದ ಮೇಲೂ ತೆಗೆದುಹಾಕುವಂತಿಲ್ಲ. ಜೊತೆಗೆ ಇವತ್ತು ಏನು ಹಾಡಬೇಕೆಂದು ನಿರ್ಧರಿಸುವವನು ಆರ್ಗನಿಸ್ಟ್ ಅಲ್ಲ, ಪ್ರಿಸೆಂಟರ್ ಎಂಬ ಪಾದ್ರಿ. ಅವನಿಗೆ ಸಂಗೀತ ಗೊತ್ತಿರಲೇಬೇಕೆಂಬ ನಿಯಮವಿಲ್ಲ. ಅಭ್ಯಾಸವಿಲ್ಲದ ಆರೇಳು ಜನರ ಕೈಗೆ ಎಂಟು ದನಿಯ ರಚನೆ ಕೊಟ್ಟರೆ ಆಗುವುದೇನು? ಆರ್ಗನಿಸ್ಟ್ ಸ್ಟಾಪುಗಳನ್ನೆಲ್ಲ (ಒಂದೊಂದು ಸಾಲು ಕೊಳವೆಗಳನ್ನು ನುಡಿಯಲು ಬಿಡುವ ಗುಬಟುಗಳು) ಎಳೆದು ಗದ್ದಲದಲ್ಲಿ ತಪ್ಪು ಮುಚ್ಚುತ್ತಾನೆ. ದನಿ ಇನ್ನಷ್ಟು ಅರಚುತ್ತದೆ, ಶ್ರುತಿ ಇಳಿಯುತ್ತದೆ.

ಶ್ರುತಿ ಎಂದೆವಲ್ಲ, ವೆಸ್ಲಿಯ ಇನ್ನೊಂದು ಹಟ ಅಲ್ಲಿದೆ. ಹಾರ್ಮೋನಿಯಂನ ಶ್ರುತಿ ನಮ್ಮ ಸಂಗೀತಕ್ಕೆ ಒಗ್ಗದೆಂಬ ವಿವಾದ ಗೊತ್ತಿರುವ ನಮ್ಮವರಿಗೆ ಇದು ಬೇಗ ಅರ್ಥವಾದೀತು. ಸ್ಥಾಯಿಯನ್ನು 1200 ಸೆಂಟುಗಳಾಗಿ ಭಾಗ ಮಾಡಿದರೆ ಕಿವಿ ಒಪ್ಪುವ ಶುದ್ಧ ಅಂತರ ಗಾಂಧಾರ 386ರಲ್ಲಿ ನಿಲ್ಲುತ್ತದೆ, ಶುದ್ಧ ಪಂಚಮ 702ರಲ್ಲಿ. ಪಂಚಮದ ಮೇಲೆ ಪಂಚಮ ಹತ್ತುತ್ತ ಹನ್ನೆರಡು ಮೆಟ್ಟಿಲು ಹೋದರೆ ಏಳು ಸ್ಥಾಯಿ ದಾಟಿ ಮತ್ತೆ ಷಡ್ಜಕ್ಕೆ ಬರಬೇಕು. ಆದರೆ ಸುಮಾರು 24 ಸೆಂಟು ಹೆಚ್ಚಾಗುತ್ತದೆ. ಆ ಹೆಚ್ಚುವರಿಯನ್ನು ಎಲ್ಲಿ ಬಚ್ಚಿಡುವುದು? ಸಮಭಾಜಿತ ಶ್ರುತಿಯಲ್ಲಿ ಹನ್ನೆರಡಕ್ಕೂ ಸಮನಾಗಿ ಹಂಚುತ್ತಾರೆ. ಪಂಚಮ ಬಹುತೇಕ ಸರಿ, ಗಾಂಧಾರ ಮಾತ್ರ 400ಕ್ಕೆ ಏರಿ 14 ಸೆಂಟು ಕರ್ಕಶವಾಗುತ್ತದೆ, ಎಲ್ಲ ಶ್ರುತಿಗಳಲ್ಲೂ ಒಂದೇ ಸಮ. ಹಳೆಯ ಮೀನ್‌ಟೋನ್ ಪದ್ಧತಿ ಬೇರೆ. ಪಂಚಮಗಳನ್ನು ಕೊಂಚ ತಗ್ಗಿಸಿ ಗಾಂಧಾರಗಳನ್ನು ಶುದ್ಧವಾಗಿಡುತ್ತದೆ. ಹನ್ನೆರಡರಲ್ಲಿ ಎಂಟು ಗಾಂಧಾರ ಜೇನು, ಉಳಿದ ನಾಲ್ಕು 427ಕ್ಕೆ ಏರಿ ಕಿವಿ ಕೊರೆಯುತ್ತವೆ. ಒಂದು ಪಂಚಮವಂತೂ ಎಷ್ಟು ಅಗಲವೆಂದರೆ ಅದಕ್ಕೆ ತೋಳ ಎಂದೇ ಹೆಸರು, ಊಳಿಡುವುದರಿಂದ.

ಇಂಗ್ಲೆಂಡಿನ ಆರ್ಗನ್‌ಗಳು ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಈ ಹಳೆಯ ಪದ್ಧತಿಯಲ್ಲೋ ಅದರ ಹತ್ತಿರದ ರೂಪದಲ್ಲೋ ಇದ್ದವು. ಸಮಭಾಜಿತ ಶ್ರುತಿ ಬಂದಾಗ ವೆಸ್ಲಿ ಕಡೆಯವರೆಗೂ ವಿರೋಧಿಸಿದ. ವಿಚಿತ್ರ ಏನೆಂದರೆ, ಆ ಪದ್ಧತಿಯಲ್ಲಿ ಹದಗೆಡುವ ಶ್ರುತಿಗಳಲ್ಲೇ ಇವನು ಬರೆದ. 'ಬ್ಲೆಸೆಡ್ ಬಿ' ಇ ಫ್ಲ್ಯಾಟ್‌ನಲ್ಲಿದೆ. ಅದರ ಮಧ್ಯಮದ ಸ್ವರಮೇಳಕ್ಕೆ ಎ ಫ್ಲ್ಯಾಟ್ ಬೇಕು, ಆ ಕೀಲಿಯಲ್ಲಿ ಶ್ರುತಿ ಮಾಡಿಟ್ಟಿರುವುದು ಜಿ ಶಾರ್ಪ್. ಗಾಂಧಾರವೂ ಕೆಟ್ಟದ್ದು, ಪಂಚಮವೇ ತೋಳ. 'ವಿಲ್ಡರ್‌ನೆಸ್' ಮತ್ತು ಸರ್ವಿಸ್ ಇರುವುದು ಇ ಶ್ರುತಿಯಲ್ಲಿ. ಅದರ ಪಂಚಮದ ಸ್ವರಮೇಳಕ್ಕೆ ಡಿ ಶಾರ್ಪ್ ಬೇಕು, ಇರುವುದು ಇ ಫ್ಲ್ಯಾಟ್. ಹಾಗಾದರೆ ಇವನ ವಾದವೇ ಪೊಳ್ಳೇ? ಪೂರ್ತಿ ಅಲ್ಲ. ವಾದ್ಯದ ಆಸರೆಯಿಲ್ಲದೆ ಹಾಡುವಾಗ ಮನುಷ್ಯನ ದನಿ ತಾನಾಗಿಯೇ ಶುದ್ಧ ಗಾಂಧಾರಕ್ಕೆ ಒಲಿಯುತ್ತದೆ. ನಮ್ಮಲ್ಲಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಟ್ಟಿದಾಗ ಕೇಳಿಬಂದ ಆಕ್ಷೇಪಗಳಲ್ಲಿ ಇದೂ ಒಂದು. ಆದರೂ ತನ್ನ ಸ್ವಂತ ಸಂಗೀತವೇ ತನ್ನ ವಾದಕ್ಕೆ ಎದುರುಸಾಕ್ಷಿಯಾಗಿ ನಿಂತಿದ್ದನ್ನು ವೆಸ್ಲಿ ಒಪ್ಪಿಕೊಳ್ಳಲೇ ಇಲ್ಲ.

ಇನ್ನೊಂದು ಹಳೆಯ ಚಾಳಿ ಕೀಲಿಮಣೆಯ ಉದ್ದದ್ದು. ಯುರೋಪಿನ ಆರ್ಗನ್‌ಗಳಲ್ಲಿ ಕೈಮಣೆಯ ಅತಿ ಕೆಳಗಿನ ಸ್ವರ ಸಿ, ಅದರ ಕೊಳವೆ ಎಂಟು ಅಡಿ. ಇಂಗ್ಲಿಷ್ ಆರ್ಗನ್ ಅಲ್ಲಿಗೆ ನಿಲ್ಲದೆ ಕೆಳಗಿನ ಜಿ ವರೆಗೂ ಇಳಿಯುತ್ತಿತ್ತು, ಹತ್ತೂಮುಕ್ಕಾಲು ಅಡಿಯ ಸಮೀಪದ ಕೊಳವೆ. ಕಾಲು ಮಾಡಬೇಕಾದ ಕೆಲಸವನ್ನು ಎಡಗೈ ಸ್ಥಾಯಿ ಜೋಡಿಸಿ ಮಾಡುವ ಏರ್ಪಾಡು ಇದು. ಎಡಗೈ ಕೆಳಗೆ ಸಿಕ್ಕಿಕೊಂಡರೆ ನಡುದನಿ ನುಡಿಸಲು ಬೆರಳಿಲ್ಲ. ಪೆಡಲುಗಳು ಸುಧಾರಿಸಿದ ಮೇಲೆ ಈ ಉದ್ದನೆಯ ಮಣೆಗೆ ಅರ್ಥವೇ ಉಳಿಯಲಿಲ್ಲ. ಆದರೂ ಲಿವರ್‌ಪೂಲಿನ ಸೇಂಟ್ ಜಾರ್ಜ್ಸ್ ಹಾಲ್‌ಗೆ ಹೆನ್ರಿ ವಿಲಿಸ್ ಕಟ್ಟಿದ ನೂರು ಸ್ಟಾಪಿನ ಬೃಹತ್ ಆರ್ಗನ್ನಿಗೆ ಸಲಹೆಗಾರನಾಗಿದ್ದ ವೆಸ್ಲಿ ಹಟ ಮಾಡಿ ಜಿ ಯಿಂದ ಶುರುವಾಗುವ 63 ಸ್ವರದ ಮಣೆಯನ್ನೂ ಹಳೆಯ ಶ್ರುತಿಯನ್ನೂ ಹಾಕಿಸಿದ. 1855ರಲ್ಲಿ ಅದನ್ನು ಮೊದಲು ನುಡಿಸಿದವನೂ ಇವನೇ. ತಿದಿಗಳಿಗೆ ಗಾಳಿ ತುಂಬುತ್ತಿದ್ದದ್ದು ಉಗಿಯಂತ್ರ. ಅಲ್ಲಿ ಕಾಯಂ ಆರ್ಗನಿಸ್ಟ್ ಆಗಿ ಬಂದ ಡಬ್ಲ್ಯು. ಟಿ. ಬೆಸ್ಟ್ ಮುಂದೆ ಆ ಶ್ರುತಿಯನ್ನು ಸಮಭಾಜಿತಕ್ಕೆ ಬದಲಾಯಿಸಿದರು.

ಇಷ್ಟೆಲ್ಲ ಹಿಂದಕ್ಕೆ ಎಳೆದವನೇ ಮುಂದಕ್ಕೆ ತಳ್ಳಿದ್ದೂ ಇದೆ. ನೇರ ಪೆಡಲು ಸಾಲಿನಲ್ಲಿ ತುದಿಯ ಸ್ವರಗಳಿಗೆ ಕಾಲು ಚಾಚಿದರೆ ಸೊಂಟವೇ ತಿರುಗಬೇಕು. ಸಾಲನ್ನು ತೊಟ್ಟಿಲಿನಂತೆ ಬಗ್ಗಿಸಿ, ಜೊತೆಗೆ ಬೀಸಣಿಗೆಯಂತೆ ಹರಡಿದರೆ ಕೂತಲ್ಲಿಂದಲೇ ಎಲ್ಲ ಪೆಡಲೂ ಒಂದೇ ದೂರಕ್ಕೆ ಸಿಗುತ್ತವೆ. ಈ ವಿನ್ಯಾಸಕ್ಕೆ ವೆಸ್ಲಿ-ವಿಲಿಸ್ ಪೆಡಲ್ ಎಂದೇ ಹೆಸರು. ಇಂಗ್ಲಿಷ್ ಆರ್ಗನ್‌ಗಳಲ್ಲಿ ಇವತ್ತಿಗೂ ಇದೇ ರೂಢಿ.

ವಿಲಿಸ್ 1851ರ ಲಂಡನ್ ಮಹಾಪ್ರದರ್ಶನಕ್ಕೆ ಕಟ್ಟಿದ ಆರ್ಗನ್ನನ್ನು ವಿಂಚೆಸ್ಟರ್ ಕೆಥೆಡ್ರಲ್ ಕೊಂಡು, ಕೊಂಚ ಕಿರಿದಾಗಿಸಿ 1854ರಲ್ಲಿ ಕೂರಿಸಿತು. ಕೊಳ್ಳುವಂತೆ ಒತ್ತಾಯಿಸಿದವನು ವೆಸ್ಲಿ. 1849ರಿಂದ ಅವನು ಅಲ್ಲಿನ ಆರ್ಗನಿಸ್ಟ್. ಬೆರಳಿಗೆ ಸಿಗುವ ಗುಂಡಿ ಒತ್ತಿದರೆ ಮೊದಲೇ ಗೊತ್ತುಮಾಡಿಟ್ಟ ಸ್ಟಾಪುಗಳೆಲ್ಲ ಒಮ್ಮೆಲೇ ಹೊರಬರುವ ಏರ್ಪಾಡು ಆ ವಾದ್ಯದಲ್ಲಿತ್ತು. ವಿಂಚೆಸ್ಟರ್‌ನಲ್ಲಿದ್ದಾಗಲೇ 1853ರಲ್ಲಿ ಚಂದಾದಾರರ ಹಣದಿಂದ ತನ್ನ ಹನ್ನೆರಡು ಆಂಥೆಮ್‌ಗಳ ಸಂಪುಟ ಹೊರತಂದ. ಅವನ ಹೆಸರು ಉಳಿದಿರುವುದು ಬಹುಮಟ್ಟಿಗೆ ಆ ಒಂದು ಸಂಪುಟದಿಂದ. ಅದರಲ್ಲಿನ 'ದೌ ವಿಲ್ಟ್ ಕೀಪ್ ಹಿಮ್' ಐದು ದನಿಗಳಿಗೆ, ತೀರ ಮೆಲ್ಲಗೆ. ಮೊದಲ ಸಾಲೇ ಕೊನೆಗೆ ತಿರುಗಿ ಬರುತ್ತದೆ. ಇಷ್ಟು ಸಿಡುಕಿನ ಮನುಷ್ಯ ಇಷ್ಟು ಸಮಾಧಾನದ ಸಂಗೀತ ಬರೆದದ್ದು ಹೇಗೆಂದು ಯಾರೂ ವಿವರಿಸಿಲ್ಲ.

ಜನಸಾಮಾನ್ಯರ ಬಾಯಲ್ಲಿ ಉಳಿದದ್ದು ಮಾತ್ರ ಬೇರೆ. 1864ರಲ್ಲಿ ಚಿನ್ನದ ಯೆರೂಸಲೇಮನ್ನು ಕುರಿತ ಗೀತೆಯೊಂದಕ್ಕೆ ಧಾಟಿ ಕಟ್ಟಿದ. ಲ್ಯಾಟಿನ್ನಿನಲ್ಲಿ ಚಿನ್ನಕ್ಕೆ ಔರುಮ್, ಹಾಗಾಗಿ ಧಾಟಿಯ ಹೆಸರು ಆರೇಲಿಯಾ. ನಾಲ್ಕು ವರ್ಷದ ಬಳಿಕ ಅದನ್ನು 'ದ ಚರ್ಚಸ್ ವನ್ ಫೌಂಡೇಶನ್' ಗೀತೆಗೆ ಜೋಡಿಸಿದರು. ಅಲ್ಲಿಂದ ಜಗತ್ತಿನ ಮೂಲೆಮೂಲೆಗೂ ಹೋಯಿತು. ಸಾಲಿಗೆ 7 ಅಕ್ಷರ, 6 ಅಕ್ಷರ, ಹೀಗೆ ನಾಲ್ಕು ಸಲ. ಈ ಅಳತೆಗೆ ಹೊಂದುವ ಯಾವ ಗೀತೆಯನ್ನಾದರೂ ಅದರ ಮೇಲೆ ಕೂರಿಸಬಹುದು, ಹರಡಿದ್ದಕ್ಕೆ ಅದೂ ಒಂದು ಕಾರಣ. ಇದು ಜನರಿಗೆ ಹಿಡಿಸುತ್ತದೆಂದು ಬರೆದ ಗಳಿಗೆಯಲ್ಲೇ ವೆಸ್ಲಿ ಹೇಳಿದ್ದನಂತೆ. ಸಮಕಾಲೀನ ಹೆನ್ರಿ ಗಾಂಟ್ಲೆಟ್ ಕಲೆಯಿಲ್ಲದ ಹರಟೆಯೆಂದು ಜರಿದ. ಇಬ್ಬರ ಮಾತೂ ಅರ್ಧರ್ಧ ಸರಿ.

1865ರಲ್ಲಿ ಗ್ಲಾಸ್ಟರ್ ಕೆಥೆಡ್ರಲ್‌ನವರು ಹೊಸ ಆರ್ಗನಿಸ್ಟ್ ಯಾರಾಗಬಹುದೆಂದು ಇವನ ಸಲಹೆ ಕೇಳಿದರು. ಆ ಕೆಲಸಕ್ಕೆ ತಾನೇ ಬರುವುದಾಗಿ ಹೇಳಿ ಬಂದೇಬಿಟ್ಟ. ಮೂರು ಕೆಥೆಡ್ರಲ್ಲುಗಳ ವೃಂದಗಳು ಸೇರಿ ಹಾಡುವ ಥ್ರೀ ಕ್ವಯರ್ಸ್ ಸಂಗೀತೋತ್ಸವವನ್ನು ಅಲ್ಲಿ ನಡೆಸುವ ಹೊಣೆಯೂ ಬಂತು. 1871ರಲ್ಲಿ ಬಾಖ್‌ನ ಮತ್ತಾಯನ ಪ್ಯಾಶನ್ (ಯೇಸುವಿನ ಯಾತನೆಯ ಕಥೆಯನ್ನು ಹಾಡುವ ದೊಡ್ಡ ಕೃತಿ) ಅನ್ನು ಆ ಉತ್ಸವಕ್ಕೆ ತಂದ. ಸೆಬಾಸ್ಟಿಯನ್ ಎಂದು ಹೆಸರಿಟ್ಟ ಅಪ್ಪನ ಋಣ ತೀರಿತೆನ್ನಬಹುದು. ನಿರ್ವಾಹಕನಾಗಿ ಅಷ್ಟೇನೂ ಸಮರ್ಥನಲ್ಲ. 1873ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ನೈಟ್ ಪದವಿ ಅಥವಾ ವರ್ಷಕ್ಕೆ 100 ಪೌಂಡ್ ಪಿಂಚಣಿ, ಎರಡರಲ್ಲೊಂದು ಆರಿಸಿಕೊಳ್ಳಲು ಹೇಳಿದರು. ವೆಸ್ಲಿ ಪಿಂಚಣಿ ತೆಗೆದುಕೊಂಡ. ಕೊನೆಯ ಸಲ ಆರ್ಗನ್ ಮುಂದೆ ಕೂತದ್ದು 1875ರ ಕ್ರಿಸ್‌ಮಸ್ ದಿನ. 1876ರ ಏಪ್ರಿಲ್ 19ರಂದು ಗ್ಲಾಸ್ಟರ್‌ನಲ್ಲೇ ತೀರಿಕೊಂಡ. ಹೂಳಿದ್ದು ಅಲ್ಲಲ್ಲ, ಎಕ್ಸೆಟರ್‌ನಲ್ಲಿ. ಐವರು ಗಂಡುಮಕ್ಕಳ ನಡುವೆ ಹುಟ್ಟಿದ ಒಬ್ಬಳೇ ಮಗಳು ಹಸುಗೂಸಾಗಿದ್ದಾಗ ಅಲ್ಲಿ ಹೋಗಿದ್ದಳು. ಅವಳ ಪಕ್ಕದಲ್ಲೇ ಮಲಗಿಸಬೇಕೆಂದು ಕೇಳಿಕೊಂಡಿದ್ದ.

ಈಗ ಧ್ವನಿಮುದ್ರಿಕೆ ಹಾಕುವ ಮೊದಲು, ಹಾಡುವವರು ಕೇಳಿದ ಪ್ರಶ್ನೆಯೊಂದಿದೆ: 'ಬ್ಲೆಸೆಡ್ ಬಿ'ಯಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? ಮೂರು ಕಡೆ. ಮೊದಲ ಭಾಗವನ್ನು ತುಂಬ ನಿಧಾನಕ್ಕೆ ಹಿಡಿದರೆ ಹುಡುಗರ ಉಸಿರು ಸಾಲದೆ ಶ್ರುತಿ ಜಾರುತ್ತದೆ, ಆಮೇಲೆ ಆರ್ಗನ್ ಜೋರಾಗಿ ಬಂದಾಗ ಸಿಕ್ಕಿಬೀಳುತ್ತದೆ. ಗಂಡು ದನಿಯ ಭಾಗವನ್ನು ತಾಳ ಎಣಿಸಿ ಹಾಡಿದರೆ ಕವಾಯತಿನಂತಾಗುತ್ತದೆ. ಅದು ಮಾತು, ಮಾತಿನ ನಡಿಗೆಯಲ್ಲೇ ಹೋಗಬೇಕು. ಮೂರನೆಯದು ಹೂವು ಉದುರಿದ ಜಾಗ. ಆ ಸಾಲು ಕೆಳಗಿಳಿದು ಬಹುತೇಕ ನಿಶ್ಶಬ್ದವಾಗುತ್ತದೆ. ಅದರ ಬೆನ್ನಿಗೇ ಆರ್ಗನ್ನಿನಿಂದ ಪೂರ್ಣ ಬಲದ ಒಂದೇ ಒಂದು ಸ್ವರಮೇಳ, ಆಮೇಲೆ ಇಡೀ ಮೇಳ. ಆರ್ಗನಿಸ್ಟ್ ಸ್ಟಾಪುಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳದಿದ್ದರೆ ನಿಶ್ಶಬ್ದದಲ್ಲಿ ಮರದ ಗುಬಟುಗಳ ಟಕಟಕ ಸದ್ದು ಚರ್ಚೆಲ್ಲ ಕೇಳುತ್ತದೆ, ಏನು ಬರಲಿದೆ ಎಂಬ ಗುಟ್ಟು ರಟ್ಟಾಗುತ್ತದೆ. ಗುಂಡಿಯಿಲ್ಲದ ಹಳೆಯ ವಾದ್ಯವಾದರೆ ಪಕ್ಕದಲ್ಲಿ ಒಬ್ಬ ಸಹಾಯಕನನ್ನು ನಿಲ್ಲಿಸಿ, ಗಂಡು ದನಿ ಇನ್ನೂ ಹಾಡುತ್ತಿರುವಾಗಲೇ ಬೇರೆ ಕೈಮಣೆಯ ಸ್ಟಾಪುಗಳನ್ನು ಒಂದೊಂದಾಗಿ ಎಳೆಸಿಡಬೇಕು. ಆಮೇಲೆ ಕೈ ಎತ್ತಿ, ಹಾಡುಗಾರ ಕೊನೆಯ ವ್ಯಂಜನ ಮುಗಿಸುವ ತನಕ ಕಾದು, ಆ ಮಣೆಯ ಮೇಲೆ ಹತ್ತೂ ಬೆರಳನ್ನು ಒಟ್ಟಿಗೆ ಇಳಿಸುವುದು.